ಗೊತ್ತಾದ ಮೇಲೆ ಏನು ಮಾಡಿದಿರಿ?

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಹುಣಸೂರಿನ ಆಚೆ ಗುರುತು ಸಿಗುವ ಹೆಸರಲ್ಲ ಅದು. ಹುಣಸೂರಿನ ಒಳಗೂ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾಲ್ಕು ತಾಲ್ಲೂಕಿನ ಕಂಪ್ಯೂಟರ್ ಅಂಗಡಿಯವರಿಗೆಲ್ಲ ಅವರು ‘ಸೆಕ್ರೆಟ್ರಿ’. ಅವರ ಹೆಂಡತಿ ಫೋನ್ ಎತ್ತಿದರೂ, “ಸೆಕ್ರೆಟ್ರಿ ನಮಾಜಿಗೆ ಹೋಗವ್ರೆ, ಆಮೇಲೆ ಮಾಡಿ” ಎನ್ನುತ್ತಿದ್ದರು. ಇಪ್ಪತ್ತು ವರ್ಷ ಒಂದು ಸಂಘಕ್ಕೆ ಒಬ್ಬರೇ ಕಾರ್ಯದರ್ಶಿಯಾದರೆ ಹೀಗೇ ಆಗುತ್ತದೆ. ಆ ಜಾಗಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ ಎನ್ನುವುದೂ ನಿಜ.

ಸಂಘ ಎಂದಾಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಟೈಪಿಂಗ್, ಜೆರಾಕ್ಸ್, ರಿಪೇರಿ, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿಕೊಂಡು ಕೂತ ನಮ್ಮಂಥವರ ಸಂಘ. ಶುರುವಿನಲ್ಲಿ ಅರವತ್ತು ಚಿಲ್ಲರೆ ಜನ ಇದ್ದರಂತೆ. ನಾನು ಸೇರುವ ಹೊತ್ತಿಗೆ ಮೂವತ್ತು. ಈಗ ಒಂಬತ್ತು. ಅದರಲ್ಲೂ ಇಬ್ಬರು ಅಂಗಡಿ ಮುಚ್ಚಿದವರು, ಅಭ್ಯಾಸಬಲದಿಂದ ಬರುತ್ತಾರೆ. ನಾನು ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟವನು, ಸಂಘದ ಸಹ ಕಾರ್ಯದರ್ಶಿ. ಸಹ ಕಾರ್ಯದರ್ಶಿ ಎಂದರೆ ಕುರ್ಚಿ ಹಾಕುವವನು, ಟೀ ಹೇಳುವವನು, ಬರದವರಿಗೆ ಫೋನ್ ಮಾಡಿ ಅವರ ಕುಂಟು ನೆಪಗಳನ್ನು ಕೇಳುವವನು. ನನಗೆ ಸುಸ್ತಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಅಂಗಡಿ ತೆರೆದ ಹೊಸದರಲ್ಲಿ ಒಂದು ಪ್ರಿಂಟರ್ ಎರಡು ದಿನ ನನ್ನ ಜೀವ ತಿಂದಿತ್ತು. ಯಾರೋ ಅವರ ನಂಬರ್ ಕೊಟ್ಟರು. ಹುಣಸೂರಿನಿಂದ ಬಸ್ಸಿನಲ್ಲಿ ಬಂದರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಬ್ರಶ್ಶು. ನಾನು ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸುತ್ತಿದ್ದರೆ ಅವರು ಮೇಜಿನ ಕೆಳಗೆ ಬಗ್ಗಿ, ಸಡಿಲವಾಗಿದ್ದ ಕೇಬಲ್ಲನ್ನು ಒತ್ತಿ ಎದ್ದರು.

“ಮೊದ್ಲು ಕೇಬಲ್ ನೋಡ್ಬೇಕು, ಆಮೇಲೆ ದೇವ್ರನ್ನ ನೆನೀಬೇಕು. ನೀವು ಉಲ್ಟಾ ಮಾಡಿದೀರಿ ಕಣ್ರೀ,” ಎಂದರು. ಕೂಲಿ ಬೇಡವೆಂದು ಚೀಲದಿಂದ ಸದಸ್ಯತ್ವದ ಅರ್ಜಿ ತೆಗೆದು ಮುಂದಿಟ್ಟರು. ಅವಮಾನದಲ್ಲಿ ಸಹಿ ಹಾಕಿದವನು ನಾನು. ಸಂಘದ ಅರ್ಧ ಜನ ಹೀಗೆ ಯಾವುದೋ ಕೇಬಲ್ಲಿನ ದೆಸೆಯಿಂದಲೇ ಸೇರಿದವರು ಎಂದು ಆಮೇಲೆ ತಿಳಿಯಿತು.

ಆ ಬ್ರಶ್ಶು ಅವರ ತಂದೆಯದು. ತಂದೆ ಹುಣಸೂರಿನ ಪೇಟೆಯಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಕಚೇರಿ, ಕೋರ್ಟುಗಳ ಮಿಷನ್ನುಗಳೆಲ್ಲ ಅವರ ಕೈಗೇ ಬರುತ್ತಿದ್ದವಂತೆ. ಟೈಪ್‌ರೈಟರ್ ಹೋಯಿತು, ಕಂಪ್ಯೂಟರ್ ಬಂತು, ಬ್ರಶ್ಶು ಹಾಗೇ ಉಳಿಯಿತು. ಯಾರ ಅಂಗಡಿಗೆ ಹೋದರೂ ಸೆಕ್ರೆಟ್ರಿ ಮಾತಾಡುವ ಮುಂಚೆ ಅವರ ಕೀಬೋರ್ಡನ್ನು ಎಳೆದುಕೊಂಡು ಧೂಳು ತೆಗೆಯಲು ಶುರು ಮಾಡುತ್ತಿದ್ದರು. ಎಷ್ಟು ಹೊತ್ತು ಧೂಳು ತೆಗೆಯುತ್ತಾರೋ ಹೇಳಬೇಕಾದ ಮಾತು ಅಷ್ಟು ಭಾರದ್ದು ಎಂದು ನಮಗೆ ಲೆಕ್ಕ ಸಿಕ್ಕಿಬಿಟ್ಟಿತ್ತು.

ಸಭೆ ತಿಂಗಳ ಎರಡನೇ ಭಾನುವಾರ, ಒಂದೊಂದು ಸಲ ಒಂದೊಂದು ತಾಲ್ಲೂಕಿನಲ್ಲಿ. ಸ್ವಂತ ಕಟ್ಟಡ ಇಲ್ಲ. ಕೆ.ಆರ್. ನಗರದಲ್ಲಿ ಗೊಬ್ಬರದಂಗಡಿಯ ಮಾಳಿಗೆಯ ಮೇಲಿನ ಟೈಪಿಂಗ್ ಕ್ಲಾಸು, ಕೋಟೆಯಲ್ಲಿ ಒಬ್ಬ ಸದಸ್ಯರ ಮನೆಯ ಜಗಲಿ. ಎಲ್ಲರ ಕೈಗೂ ಮೊಬೈಲ್ ಬಂದು, ಸಂಘಕ್ಕೆ ವಾಟ್ಸಾಪ್ ಗ್ರೂಪ್ ಆದ ಮೇಲೂ ಸಭೆಯ ನೋಟಿಸನ್ನು ಅವರು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಿರ್ರೆನ್ನಿಸಿ ತೆಗೆದು ಅಂಚೆಗೆ ಹಾಕುತ್ತಿದ್ದರು. “ಗ್ರೂಪಲ್ಲಿ ಹಾಕಿದ್ರೆ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೋಗ್ಬಿಡುತ್ತೆ. ಕಾಗದ ಬಂದ್ರೆ ಮನೇಲಿ ಯಾರಾದ್ರೂ ‘ಏನಿದು’ ಅಂತಾರೆ. ಆಗ ನಾಚ್ಕೊಂಡಾದ್ರೂ ಬರ್ತೀರಿ,” ಎನ್ನುತ್ತಿದ್ದರು.

ಸಭೆಯ ಮುಖ್ಯ ಕಲಾಪ ‘ತಪ್ಪಿನ ಸುತ್ತು’. ಬೇರೆ ಯಾವ ಸಂಘದಲ್ಲೂ ಇದನ್ನು ನಾನು ಕಂಡಿಲ್ಲ. ಎಲ್ಲರೂ ದುಂಡಗೆ ಕೂತು, ಒಬ್ಬೊಬ್ಬರೂ ಆ ತಿಂಗಳು ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು ಹೇಳಬೇಕು. ನಗುವಂತಿಲ್ಲ, ಬೈಯುವಂತಿಲ್ಲ, ಹೊರಗೆ ಆಡುವಂತಿಲ್ಲ. ಹೇಳಿ ಮುಗಿಸಿದ ಮೇಲೆ ಸೆಕ್ರೆಟ್ರಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಗೊತ್ತಾದ ಮೇಲೆ ಏನ್ ಮಾಡಿದ್ರಿ?” ಅವರ ಮುಂದೆ ಒಂದು ದಪ್ಪ ರಿಜಿಸ್ಟರ್ ಇರುತ್ತಿತ್ತು. ಎಡಗಡೆ ಕಾಲಂನಲ್ಲಿ ತಪ್ಪು, ಬಲಗಡೆ ಕಾಲಂನಲ್ಲಿ ಉತ್ತರ. ಮೊದಲ ಸರದಿ ಯಾವಾಗಲೂ ಅವರದೇ.

ನಾನು ಹೋದ ಮೊದಲ ಸಭೆಯಲ್ಲಿ ಅವರು ಒಬ್ಬ ಹೆಣ್ಣುಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಬೇರೊಬ್ಬಳ ಅಂಕಪಟ್ಟಿ ಸೇರಿಸಿ ಕಳಿಸಿದ್ದನ್ನು ಹೇಳಿದರು. ಗೊತ್ತಾದ ಮೇಲೆ ವೀರನಹೊಸಹಳ್ಳಿ ಕಡೆಯ ಅವಳ ಊರಿಗೆ ಹೋಗಿ, ಕಾಡಿನಂಚಿನ ರಸ್ತೆಯಲ್ಲಿ ಬಸ್ಸು ಸಿಗದೆ ನಡೆದು, ಅವಳ ಅಪ್ಪನ ಮುಂದೆ ನಿಂತು ತಪ್ಪೊಪ್ಪಿಕೊಂಡು, ಅರ್ಜಿ ಸರಿಮಾಡಿಸಿಕೊಟ್ಟಿದ್ದರು. “ಅವ್ರಪ್ಪ ಬೈದ್ರು. ಬೈಯ್ಲೇಬೇಕಿತ್ತು. ಆಮೇಲೆ ಅವರೆಕಾಯಿ ಕೊಟ್ಟು ಕಳಿಸಿದ್ರು,” ಎಂದರು. ಯಾರೂ ನಗಲಿಲ್ಲ. ನಾನು ನಗಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಬೈಲಕುಪ್ಪೆಯ ಕ್ಯಾಂಪಿನಲ್ಲಿ ಜೆರಾಕ್ಸ್ ಮತ್ತು ಟಿಕೆಟ್ ಬುಕಿಂಗ್ ಅಂಗಡಿ ಇಟ್ಟ ಟಿಬೆಟನ್ ಹೆಂಗಸೊಬ್ಬರು ನಮ್ಮ ಸದಸ್ಯೆ. ಎಲ್ಲರಿಗೂ ಅಕ್ಕ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅವರ ಕನ್ನಡದಲ್ಲಿ ನಮಗಿಂತ ಹೆಚ್ಚು ಪಿರಿಯಾಪಟ್ಟಣ ಇದೆ. ಅವರು ಸೇರಿದ್ದೇಕೆಂದು ಒಮ್ಮೆ ಕೇಳಿದ್ದೆ. “ನೋಡು, ಅಂಗ್ಡಿ ಬಾಗ್ಲು ಹಾಕಂಡ್ರೆ ನನ್ ತಪ್ಪು ನಂಗೆ ಮಾತ್ರ ಗೊತ್ತು. ತಿಂಗ್ಳಿಗೊಂದಪ ಇಲ್ಲಿ ಏಳ್ಬುಟ್ರೆ ನಿದ್ದೆ ಚೆನ್ನಾಗ್ ಬತ್ತದೆ ಕಣಪ್ಪ,” ಎಂದಿದ್ದರು.

ಒಂದು ವರ್ಷ ಬೆಂಗಳೂರಿನಲ್ಲಿ ನಮ್ಮ ಕಸುಬಿನವರ ಯಾವುದೋ ದೊಡ್ಡ ಸಮಾವೇಶ ನಡೆಯಿತು. ಸೆಕ್ರೆಟ್ರಿ ಕಾಡಿ ಬೇಡಿ ಐದು ನಿಮಿಷದ ಅವಕಾಶ ಪಡೆದು, ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು ಹೋದರು. ತಪ್ಪಿನ ಸುತ್ತನ್ನು ಎಲ್ಲ ತಾಲ್ಲೂಕುಗಳಲ್ಲೂ ಶುರು ಮಾಡಿಸಬೇಕೆಂಬುದು ಅವರ ಆಸೆ. ಕನ್ನಡಕ ಹಾಕಿಕೊಂಡು ರಿಜಿಸ್ಟರ್ ತೆರೆದು ಓದತೊಡಗಿದಾಗ ಊಟಕ್ಕೆ ಕರೆದರು. ಸಭಾಂಗಣದ ಮುಕ್ಕಾಲು ಭಾಗ ಎದ್ದು ಹೋಯಿತು. ಅವರು ಉಳಿದ ಖಾಲಿ ಕುರ್ಚಿಗಳಿಗೆ ಐದು ನಿಮಿಷ ಪೂರ್ತಿ ಓದಿ ಇಳಿದರು. ನನಗೆ ನಾಚಿಕೆಯಾಯಿತು, ಅವರ ಮೇಲೆ ಸಿಟ್ಟೂ ಬಂತು. ವಾಪಸ್ ಬರುವಾಗ ಶ್ರೀರಂಗಪಟ್ಟಣ ದಾಟುವವರೆಗೂ ಮಾತಿಲ್ಲ. ಆಮೇಲೆ, “ಊಟ ಮಾತ್ರ ಚೆನ್ನಾಗಿತ್ತು ಕಣ್ರೀ,” ಎಂದರು. ಬೆಂಗಳೂರಿನ ಬಗ್ಗೆ ಅವರು ಹೇಳಿದ್ದು ಅಷ್ಟೆ.

ಇನ್ನು ನನ್ನ ತಪ್ಪಿಗೆ ಬರಬೇಕು. ಸುತ್ತಿ ಬಳಸಿ ಬಹಳ ಹೊತ್ತು ತಪ್ಪಿಸಿಕೊಂಡೆ.

ಬೆಟ್ಟದಪುರದಲ್ಲಿ ಪುಟ್ಟಸ್ವಾಮಣ್ಣ ಎಂಬವರ ಫೋಟೋ ಸ್ಟುಡಿಯೋ ಇದೆ. ಸುತ್ತಿನ ಹಳ್ಳಿಗಳ ಹನ್ನೆರಡು ವರ್ಷದ ಮದುವೆ, ನಾಮಕರಣ, ಶಾಲೆಯ ಗುಂಪು ಫೋಟೋ, ಪಾಸ್‌ಪೋರ್ಟ್ ಸೈಜು ಎಲ್ಲವೂ ಅವರ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಯಾರಾದರೂ ತೀರಿಕೊಂಡರೆ ಮನೆಯವರು ಅವರ ಬಳಿ ಓಡುತ್ತಿದ್ದರು. ಯಾವುದೋ ಮದುವೆಯ ಮೂಲೆಯಲ್ಲಿ ನಿಂತ ಮುಖವನ್ನು ಹುಡುಕಿ, ದೊಡ್ಡದು ಮಾಡಿ, ತಿಥಿಯ ದಿನ ಹಾರ ಹಾಕಲು ಕೊಡುತ್ತಿದ್ದರು. ಡಿಸ್ಕು ಹಳೆಯದಾಯಿತೆಂದು ಆರು ವರ್ಷದ ಹಿಂದೆ ಹೊಸದೊಂದನ್ನು ತಂದು, ಎಲ್ಲವನ್ನೂ ಅದಕ್ಕೆ ನಕಲು ಮಾಡಿಕೊಡಲು ನನಗೊಪ್ಪಿಸಿದರು.

ಅವತ್ತು ಯಾವುದೋ ಸರ್ಕಾರಿ ಯೋಜನೆಗೆ ಅರ್ಜಿ ಹಾಕಲು ಕೊನೆಯ ದಿನ. ಅಂಗಡಿಯ ಮುಂದೆ ಜನ ತುಂಬಿದ್ದರು. ಎರಡೂ ಡಿಸ್ಕುಗಳನ್ನು ಜೋಡಿಸಿ, ಯಾವುದರಿಂದ ಯಾವುದಕ್ಕೆ ಎಂದು ಆರಿಸುವ ಕಡೆ ಉಲ್ಟಾ ಒತ್ತಿದೆ. ತುಂಬಿದ್ದ ಹಳೇ ಡಿಸ್ಕಿನ ಮೇಲೆ ಹೊಸ ಡಿಸ್ಕಿನ ಖಾಲಿ ಪೂರ್ತಿ ನಕಲಾಯಿತು. ನಾನು ಊಟ ಮಾಡಿ ಬರುವ ಹೊತ್ತಿಗೆ ಪರದೆಯ ಮೇಲೆ ಕೆಲಸ ಯಶಸ್ವಿಯಾಗಿ ಮುಗಿಯಿತು ಎಂದು ಬರೆದಿತ್ತು. ಹೀಗೆ ಅಳಿಸಿದ್ದು ಮತ್ತೆ ಬರುವುದಿಲ್ಲ. ಡಿಸ್ಕು ಕೆಟ್ಟರೆ ಯಾರಾದರೂ ತಜ್ಞರು ಒಳಗಿನದನ್ನು ಎತ್ತಿಕೊಡಬಹುದು, ಮೇಲೆ ಖಾಲಿ ಬರೆದುಬಿಟ್ಟರೆ ಎತ್ತಲು ಏನೂ ಇರುವುದಿಲ್ಲ.

ಸಂಜೆ ಪುಟ್ಟಸ್ವಾಮಣ್ಣ ಬಂದಾಗ, “ಡಿಸ್ಕ್ ಹೋಗ್ಬುಟ್ಟದೆ ಅಣ್ಣ. ತಗಲಾಕಿದ ತಕ್ಷಣ ಸತ್ತೋಯ್ತು,” ಎಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನೀನೇನ್ ಮಾಡೀಯಪ್ಪ, ಹಳೇದು,” ಎಂದು ನನಗೇ ಸಮಾಧಾನ ಹೇಳಿ ಹೋದರು.

ಆ ಡಿಸ್ಕನ್ನು ಅವರು ಸೆಕ್ರೆಟ್ರಿ ಹತ್ತಿರ ಒಯ್ದರು. ನಾಲ್ಕನೇ ದಿನ ಸೆಕ್ರೆಟ್ರಿ ನನ್ನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ನನ್ನ ಕೀಬೋರ್ಡನ್ನು ಎಳೆದುಕೊಂಡು ಬ್ರಶ್ಶು ತೆಗೆದರು. ಒಂದೊಂದು ಕೀಲಿಯ ಸಂದಿಯನ್ನೂ ಬಿಡಲಿಲ್ಲ.

“ಪುಟ್ಟಸ್ವಾಮಣ್ಣನ ಡಿಸ್ಕ್ ನೋಡ್ದೆ,” ಎಂದರು.

“ಹೂಂ.”

“ಚೆನ್ನಾಗೇ ಓಡ್ತಿದೆ ಕಣ್ರೀ. ಸದ್ದಿಲ್ಲ, ಬಿಸಿ ಇಲ್ಲ. ಒಳಗೆ ಏನೂ ಇಲ್ಲ, ಅಷ್ಟೆ.”

ನಾನು ಪರದೆಯ ಕಡೆ ತಿರುಗಿ ಸುಮ್ಮಸುಮ್ಮನೆ ಮೌಸ್ ಆಡಿಸತೊಡಗಿದೆ.

“ಅವ್ರಿಗೆ ನನ್ ಕೈಲಿ ಆಗಲ್ಲ ಅಂತ ಹೇಳಿ ಕಳಿಸ್ದೆ. ಭಾನುವಾರ ಮೀಟಿಂಗ್ ಇದೆ. ತಪ್ಪದೆ ಬನ್ನಿ,” ಎಂದು ಬ್ರಶ್ಶನ್ನು ಜೇಬಿಗೆ ಹಾಕಿಕೊಂಡು ಹೋದರು.

ಭಾನುವಾರ ಹೋದೆ. ಮೊದಲ ಸರದಿ ಅವರದು. “ಒಂದು ವಿಷಯ ಗೊತ್ತಿದ್ದೂ ಹೇಳ್ಬೇಕಾದವ್ರಿಗೆ ನಾನು ಹೇಳ್ಲಿಲ್ಲ,” ಎಂದಷ್ಟೇ ಹೇಳಿದರು. ಮನೆಯ ವಿಷಯ ಇರಬೇಕೆಂದು ಮಿಕ್ಕವರು ಸುಮ್ಮನಾದರು. ನಾನು ನೆಲ ನೋಡುತ್ತಿದ್ದೆ. ನನ್ನ ಸರದಿ ಬಂತು. ಒಬ್ಬರ ಆಧಾರ್ ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟ ಸಣ್ಣ ತಪ್ಪನ್ನು ಹೇಳಿದೆ. “ಗೊತ್ತಾದ ಮೇಲೆ ಏನ್ ಮಾಡಿದ್ರಿ?” ಎಂದು ಎಂದಿನ ದನಿಯಲ್ಲೇ ಕೇಳಿದರು, ಬರೆದುಕೊಂಡರು.

ಆರು ವರ್ಷ ಹೀಗೇ ನಡೆಯಿತು. ಪ್ರತಿ ತಿಂಗಳೂ ಒಂದು ಸಣ್ಣ ತಪ್ಪನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಕೆಲವು ತಿಂಗಳು ಸಿಗದೆ ಹುಟ್ಟಿಸಿಕೊಂಡೂ ಹೇಳಿದ್ದೇನೆ. ಅವರು ಒಂದು ಸಲವೂ ಆ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬದಲಿಗೆ ನನ್ನನ್ನು ಸಹ ಕಾರ್ಯದರ್ಶಿ ಮಾಡಿದರು. ನನ್ನ ಕಂಡರೆ ಅವರಿಗೆ ಇಷ್ಟ ಎಂದು ಜನ ಅಂದುಕೊಂಡರು. ಇಷ್ಟವೂ ಇತ್ತೇನೋ. ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಕಾಯುವ ಆ ತಾಳ್ಮೆ ನನ್ನನ್ನು ಸುಸ್ತು ಮಾಡಿತು. ನೇರವಾಗಿಯೇ ಹೇಳುತ್ತೇನೆ, ಅದು ಅವರ ಬಲವೂ ಹೌದು, ದೋಷವೂ ಹೌದು. ಸಂಘದ ಒಬ್ಬನ ಮಾನ ಉಳಿಸಲು ಹೋಗಿ ಬೆಟ್ಟದಪುರದ ಒಬ್ಬ ಮನುಷ್ಯನನ್ನು ಕತ್ತಲಲ್ಲಿ ಬಿಟ್ಟರು. ಅದು ಅವರಿಗೂ ಗೊತ್ತಿತ್ತು.

ಹೋದ ಮಳೆಗಾಲದ ಕೊನೆಗೆ ಸೆಕ್ರೆಟ್ರಿ ಹೋಗಿಬಿಟ್ಟರು. ಅಂಗಡಿಯಲ್ಲಿ ಕೂತಿದ್ದವರಿಗೆ ಎದೆ ಹಿಡಿಯಿತಂತೆ. ಖಬರಸ್ತಾನದಲ್ಲಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ, ಇನ್ನು ಯಾರಿಗೂ ಗೊತ್ತಿಲ್ಲವಲ್ಲ ಎಂಬ ಹಗುರ ಒಂದು ಗಳಿಗೆ ಬಂದು ಹೋಯಿತು. ಹಾಗೆ ಅನ್ನಿಸಿತಲ್ಲ ಎಂದು ಮನೆಗೆ ಬಂದ ಮೇಲೆ ಅತ್ತೆ.

ಕೆಲವು ವಾರದ ಮೇಲೆ ಭಾಬಿ, ಅಂದರೆ ಅವರ ಹೆಂಡತಿ, ಫೋನ್ ಮಾಡಿ ಕರೆದರು. ಮಾನಿಟರಿನ ರಟ್ಟಿನ ಡಬ್ಬದಲ್ಲಿ ರಿಜಿಸ್ಟರುಗಳನ್ನು ಜೋಡಿಸಿ ಇಟ್ಟಿದ್ದರು. “ಇವು ನಿಮ್ಗೇ ಸೇರ್ಬೇಕು ಅಂತ ಸೆಕ್ರೆಟ್ರಿ ಹೇಳ್ತಿದ್ರು. ಬ್ರಶ್ಶು ಕೊಡಲ್ಲ, ಅದು ನಂಗಿರ್ಲಿ,” ಎಂದರು.

ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಆ ಭಾನುವಾರದ ಪುಟವನ್ನು ಹುಡುಕಿದೆ. ಅವರ ಸರದಿಯ ಎಡಗಡೆ, ಅವರು ಅಂದು ಹೇಳಿದ ಮಾತೇ ಇತ್ತು: ಗೊತ್ತಿದ್ದೂ ಹೇಳಬೇಕಾದವರಿಗೆ ಹೇಳಲಿಲ್ಲ. ಬಲಗಡೆ, ‘ಗೊತ್ತಾದ ಮೇಲೆ ಏನು ಮಾಡಿದಿರಿ’ ಎಂಬ ಕಾಲಂನಲ್ಲಿ, ‘ಕಾಯುತ್ತಿದ್ದೇನೆ’ ಎಂದು ಬರೆದಿದ್ದರು. ಕೆಳಗೆ ನನ್ನ ಹೆಸರು, ಆಧಾರ್ ಪ್ರತಿಯ ತಪ್ಪು. ಅದರ ಕೆಳಗೆ ಮತ್ತೊಮ್ಮೆ ನನ್ನ ಹೆಸರು ಬರೆದು ನಾಲ್ಕು ಗೆರೆ ಖಾಲಿ ಬಿಟ್ಟಿದ್ದರು. ಮುಂದಿನ ಸದಸ್ಯರ ಸರದಿ ಆ ಖಾಲಿ ಜಾಗ ದಾಟಿ ಶುರುವಾಗುತ್ತಿತ್ತು.

ಅವರಿಲ್ಲದ ಮೊದಲ ಸಭೆ ಹುಣಸೂರಿನಲ್ಲೇ ನಡೆಯಿತು. ಅಂಚೆಯಲ್ಲಿ ನೋಟಿಸು ಕಳಿಸಿದ್ದೆ, ಆರು ಜನ ಬಂದರು. ಫೋಟೋಕ್ಕೆ ಹಾರ ಹಾಕುವ ಪದ್ಧತಿ ಅವರ ಮನೆಯಲ್ಲಿಲ್ಲವೆಂದು ಸುಮ್ಮನೆ ಎರಡು ನಿಮಿಷ ನಿಂತೆವು. ಒಬ್ಬೊಬ್ಬರೂ ಅವರನ್ನು ಹೊಗಳಿದರು. ಸಂಘವನ್ನು ಗೌರವಯುತವಾಗಿ ಮುಚ್ಚೋಣ ಎಂದು ಕೆ.ಆರ್. ನಗರದವರೊಬ್ಬರು ಹೇಳಿದರು. ಅದೇ ಸರಿ ಎಂದು ನನಗೂ ಅನ್ನಿಸಿತು. ಆದರೆ ಬಾಯಲ್ಲಿ, “ಮೊದ್ಲು ಸುತ್ತು ಮುಗಿಸೋಣ” ಎಂದು ಬಂತು. ಮೊದಲ ಸರದಿ ಕಾರ್ಯದರ್ಶಿಯದು. ಕಾರ್ಯದರ್ಶಿ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ಹೇಳಿದೆ. ಉಲ್ಟಾ ಒತ್ತಿದ್ದು, ಡಿಸ್ಕು ಸತ್ತಿತೆಂದು ಸುಳ್ಳು ಹೇಳಿದ್ದು, ಆರು ವರ್ಷ ಸಣ್ಣ ತಪ್ಪುಗಳನ್ನು ಹೊಂದಿಸಿಕೊಂಡು ಬಂದದ್ದು. ಯಾರೂ ನಗಲಿಲ್ಲ, ಬೈಯಲಿಲ್ಲ. ನಿಯಮ ಹಾಗೇ ಇತ್ತು. ಸೆಕ್ರೆಟ್ರಿಯ ಪ್ರಶ್ನೆಯನ್ನು ಬೈಲಕುಪ್ಪೆಯ ಅಕ್ಕ ಕೇಳಿದರು.

“ಗೊತ್ತಾದ್ ಮ್ಯಾಲೆ ಏನ್ ಮಾಡ್ದೆ?”

ಡಬ್ಬದಿಂದ ಆ ಹಳೇ ರಿಜಿಸ್ಟರನ್ನು ತೆಗೆದೆ. ನಾಲ್ಕು ಖಾಲಿ ಗೆರೆಗಳಲ್ಲಿ ತಪ್ಪನ್ನು ಬರೆದೆ, ಬಲಗಡೆ ಏನೂ ಬರೆಯಲಿಲ್ಲ.

ಮಾರನೆಯ ದಿನ ಬೆಟ್ಟದಪುರಕ್ಕೆ ಹೋದೆ. ಸ್ಟುಡಿಯೋದಲ್ಲಿ ಈಗ ಲ್ಯಾಮಿನೇಶನ್ನು, ಮೊಬೈಲ್ ಕವರು, ರೀಚಾರ್ಜು. ಪುಟ್ಟಸ್ವಾಮಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿಂತೇ ಹೇಳಿದೆ. ಕೂತರೆ ಹೇಳಲಾಗದು ಎಂಬ ಭಯ. ಅವರು ಅರ್ಥವಾಗದವರಂತೆ ಕೇಳಿಸಿಕೊಂಡು, ಎದ್ದು ಕ್ಯಾಮೆರಾ ಬೀರು ತೆರೆದರು. ಹಳದಿ ಬಟ್ಟೆಯಲ್ಲಿ ಸುತ್ತಿದ ಆ ಡಿಸ್ಕನ್ನು ತಂದು ಮೇಜಿನ ಮೇಲಿಟ್ಟರು.

“ಇದು ಸತ್ತಿಲ್ವಾ?”

“ಇಲ್ಲ ಅಣ್ಣ. ಚೆನ್ನಾಗದೆ. ನಾನೇ ಅಳಿಸ್ಬುಟ್ಟೆ.”

“ಅಂಗಾರೆ ಯಾವತ್ತೂ ಬರಾಕಿಲ್ಲ?”

“ಬರಾಕಿಲ್ಲ.”

ಅವರು ಬಟ್ಟೆಯ ಅಂಚನ್ನು ಮಡಚುತ್ತ ಕೂತರು. “ಸೆಕ್ರೆಟ್ರಿ ಕೈಲಿ ಆಗ್ದಿದ್ರೂ ಮುಂದುಕ್ಕೆ ಯಾವ್ದಾರ ಹೊಸ ಮಿಷನ್ ಬತ್ತದೆ, ಆಗ ತೆಗಿಸ್ಕೊಡ್ತೀನಿ ಅಂತ ಬಂದೋರ್ಗೆಲ್ಲ ಏಳ್ತಿದ್ದೆ ಕಣಪ್ಪ. ಕಾಯ್ತಾ ಅವ್ರೆ ಜನ,” ಎಂದರು.

ನಾನು ಕ್ಷಮೆ ಕೇಳಿದೆ. ಅವರು ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೀರುವಿನ ಬಾಗಿಲ ಒಳಗಡೆ ಹಳೇ ಕ್ಯಾಲೆಂಡರಿನ ಹಾಳೆಯೊಂದು ಅಂಟಿತ್ತು. ಅದರ ಹಿಂಬದಿಯಲ್ಲಿ, ತೀರಿಕೊಂಡವರ ಫೋಟೋ ಕೇಳಿಕೊಂಡು ಬಂದವರ ಹೆಸರು, ಊರು, ಯಾರ ಫೋಟೋ ಎಂಬುದನ್ನೆಲ್ಲ ಅವರು ಬರೆದಿಟ್ಟಿದ್ದರು. ಅದನ್ನು ಮೆಲ್ಲಗೆ ಕಿತ್ತು ನನ್ನ ಕೈಗಿಟ್ಟರು.

“ನಂಗೆ ಏಳಾಕಾಗಲ್ಲ. ನೀನೇ ಓಗಿ ಏಳು,” ಎಂದರು.

ಪಟ್ಟಿಯಲ್ಲಿ ಇಪ್ಪತ್ತಮೂರು ಮನೆಗಳಿವೆ. ಭಾನುವಾರ ಅಂಗಡಿ ಮುಚ್ಚಿ ಒಂದೋ ಎರಡೋ ಮುಗಿಸುತ್ತಿದ್ದೇನೆ. ಒಬ್ಬರು ಗೇಟಿನ ಹೊರಗೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದರು. ಒಬ್ಬಳು ಮುದುಕಿ, ಮಗನ ಮುಖ ತನಗೆ ಮರೆಯುತ್ತಾ ಬಂದಿದೆ, ಆ ಫೋಟೋ ಬಂದರೆ ನೋಡಿಕೊಳ್ಳೋಣ ಎಂದುಕೊಂಡಿದ್ದಾಗಿ ಹೇಳಿದಳು. ಆಮೇಲೆ ಕುಡಿಯಲು ನೀರು ಕೊಟ್ಟಳು. ಆ ದಿನ ಇನ್ನೊಂದು ಮನೆಗೆ ಹೋಗಲಾಗಲಿಲ್ಲ.

ಸಂಘವನ್ನು ಇನ್ನೂ ಮುಚ್ಚಿಲ್ಲ. ಮುಂದಿನ ಸಭೆ ಕೋಟೆಯಲ್ಲಿ, ನೋಟಿಸು ಹೋಗಿದೆ. ಅಕ್ಕ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ, ಅದು ನನಗೆ ಗೊತ್ತು. ಬಲಗಡೆಯ ಕಾಲಂನಲ್ಲಿ ಮೊನ್ನೆ ಬರೆದೆ: ‘ಹೇಳುತ್ತಿದ್ದೇನೆ. ಹನ್ನೊಂದು ಮನೆ ಆಗಿದೆ, ಹನ್ನೆರಡು ಉಳಿದಿದೆ.’